ಡಾರ್ಟ್ ಕೋವಿಗೆ ದುರ್ಬೀನು ಕೂರಿಸುವ ಕೈ



ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳವರಿಗೆ ಈ ನೋಟ ಹೊಸದಲ್ಲ. ಬೆಳಗಿನ ಜಾವ ಹಾಲು ಕರೆಯಲು ಹೋದವರಿಗೆ ಕೊಟ್ಟಿಗೆಯ ಮೂಲೆಯಲ್ಲಿ ಎರಡು ಕಣ್ಣು ಹೊಳೆದಂತೆ ಕಾಣುತ್ತದೆ. ಅವರು ಬಾಗಿಲು ಎಳೆದುಕೊಂಡು ಹೊರಗೋಡುತ್ತಾರೆ. ಗಂಟೆಯೊಳಗೆ ಊರೆಲ್ಲ ಅಲ್ಲಿ ಸೇರಿರುತ್ತದೆ. ಹೊತ್ತೇರುವಾಗ ಅರಣ್ಯ ಇಲಾಖೆಯ ಜೀಪು ಬರುತ್ತದೆ. ಜೊತೆಗೆ ಬೋನು, ಬಲೆ, ಒಬ್ಬ ಪಶುವೈದ್ಯರು. ವೈದ್ಯರು ಇಳಿಸಿಕೊಳ್ಳುವ ಉದ್ದನೆಯ ಪೆಟ್ಟಿಗೆಯಲ್ಲಿ ಒಂದು ಕೋವಿ ಇರುತ್ತದೆ. ಅದು ಗುಂಡು ಹಾರಿಸುವ ಕೋವಿಯಲ್ಲ, ಮದ್ದು ತುಂಬಿದ ಸೂಜಿಯನ್ನು ಹಾರಿಸುವ ಡಾರ್ಟ್ ಕೋವಿ. ಅದರ ಬೆನ್ನ ಮೇಲೆ ಗೇಣುದ್ದದ ದುರ್ಬೀನು.

ಸುತ್ತ ನಿಂತವರ ಕಣ್ಣು ವೈದ್ಯರ ಬೆರಳಿನ ಮೇಲೆ ನೆಟ್ಟಿರುತ್ತದೆ. ಆದರೆ ಆ ಸೂಜಿ ಚಿರತೆಯ ತೊಡೆಗೆ ನಾಟುವುದೋ, ಹೊಟ್ಟೆಗೆ ನಾಟುವುದೋ, ಗೋಡೆಗೆ ಬಡಿಯುವುದೋ ಎಂಬುದರಲ್ಲಿ ಅರ್ಧ ಪಾಲು ಎಷ್ಟೋ ದಿನಗಳ ಹಿಂದೆಯೇ ತೀರ್ಮಾನವಾಗಿರುತ್ತದೆ. ಕಚೇರಿಯ ಮೇಜಿನ ಮೇಲೆ ಯಾರೋ ಒಬ್ಬರು ಆ ದುರ್ಬೀನನ್ನು ಕೋವಿಗೆ ಕೂರಿಸಿ ನಾಲ್ಕಾರು ಸ್ಕ್ರೂ ಬಿಗಿದಿರುತ್ತಾರಲ್ಲ, ಆಗ. ಈ ಮಾತುಕತೆ ಆ ಮೇಜನ್ನು ಕುರಿತದ್ದು.

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ತುಮಕೂರು ಜಿಲ್ಲೆಯ ಉತ್ತರದ ಈ ನಾಲ್ಕು ತಾಲ್ಲೂಕುಗಳನ್ನು ಬಯಲುಸೀಮೆ, ಬರದ ಸೀಮೆ ಎಂದಷ್ಟೇ ಹೇಳಿ ಮುಗಿಸುವುದುಂಟು. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. 2007ರಲ್ಲಿ ಅದು ಜಯಮಂಗಲಿ ಹೆಸರಿನ ಸಂರಕ್ಷಿತ ಪ್ರದೇಶವಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರಗಳಿವೆ, ಅವಕ್ಕಾಗಿಯೇ 2019ರಲ್ಲಿ ವನ್ಯಧಾಮ ಘೋಷಣೆಯಾಯಿತು. ಮಧುಗಿರಿ, ಪಾವಗಡದ ಬಂಡೆಗುಡ್ಡಗಳು ಕರಡಿಯ ಮನೆ. ಚಿರತೆಯಂತೂ ನಾಲ್ಕೂ ತಾಲ್ಲೂಕುಗಳಲ್ಲಿ ಓಡಾಡುತ್ತದೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಇದೇ ಜಿಲ್ಲೆಯ ಗುಬ್ಬಿ, ಹೆಬ್ಬೂರು ಕಡೆ ಚಿರತೆಯ ಬಾಯಿಗೆ ಮಕ್ಕಳೂ ಸಿಕ್ಕಿ ಸತ್ತರು. ಆ ದುಃಖ, ಆ ಸಿಟ್ಟು ಇನ್ನೂ ಆರಿಲ್ಲ.

ಹಾಗೆಂದು ಹೊಡೆದು ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನ ಪ್ರಕಾರ ಇಂಥ ಪ್ರಾಣಿಯ ವಿಷಯದಲ್ಲಿ ತೀರ್ಮಾನ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರದು. ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಬಿಡಲು ಆಗುವುದೇ ಇಲ್ಲವೆಂದು ಮನವರಿಕೆಯಾದ ಮೇಲಷ್ಟೇ ಕೊಲ್ಲುವ ಆದೇಶ ಬರಬೇಕು. ಹೀಗಾಗಿ ಮೊದಲು ಬೋನು, ಅದು ಆಗದಿದ್ದಾಗ ಡಾರ್ಟ್ ಕೋವಿ. ಅದೂ ಎಲ್ಲ ಕಡೆ ನಡೆಯುವುದಿಲ್ಲ. ನೀರಿರುವ ಬಾವಿಗೆ ಬಿದ್ದ ಚಿರತೆಗೆ ಮದ್ದು ಹೊಡೆದರೆ ಅದು ನಿದ್ದೆಯಲ್ಲೇ ಮುಳುಗೀತು. ಅಲ್ಲಿ ಏಣಿ, ಬಲೆ, ಬೋನು ಇಳಿಸುವುದೇ ಸರಿಯಾದ ದಾರಿ.

ಡಾರ್ಟ್ ಕೋವಿಯ ಕೆಲಸ ಎಷ್ಟು ಹತ್ತಿರದ್ದು, ಎಷ್ಟು ಅಪಾಯದ್ದು ಎಂಬುದಕ್ಕೆ ಕರ್ನಾಟಕ ಬೆಲೆ ತೆತ್ತಿದೆ. 'ಆನೆ ವೆಂಕಟೇಶ್' ಎಂದೇ ಜನ ಕರೆಯುತ್ತಿದ್ದ ಶಾರ್ಪ್‌ಶೂಟರ್ 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಿಸಲು ಅರಿವಳಿಕೆ ಸೂಜಿ ಹಾರಿಸಿದರು. ಆನೆ ಅವರತ್ತಲೇ ತಿರುಗಿತು. ಅವರು ಉಳಿಯಲಿಲ್ಲ. ಅಲ್ಲಿ ತಪ್ಪು ದುರ್ಬೀನಿನದಾಗಿರಲಿಲ್ಲ, ಅವರ ಕೈಯದೂ ಆಗಿರಲಿಲ್ಲ. ಮದ್ದು ಏರಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಪ್ರಾಣಿ ಎಚ್ಚರವಾಗಿಯೇ ಇರುತ್ತದೆ, ಅಷ್ಟೆ. ಇಷ್ಟು ಹತ್ತಿರ ಹೋಗಿ ಜೀವ ಒತ್ತೆಯಿಡುವವರಿಗೆ ಎರಡನೆಯ ಸೂಜಿ ಹಾರಿಸುವ ಪ್ರಮೇಯ ಬರದಂತೆ ನೋಡಿಕೊಳ್ಳುವುದು ಹಿಂದೆ ಕುಳಿತು ಸಲಕರಣೆ ಸಿದ್ಧಪಡಿಸುವವರ ಹೊಣೆ.

ಡಾರ್ಟ್ ಕೋವಿಗೂ ಮಾಮೂಲಿ ರೈಫಲಿಗೂ ಇರುವ ದೊಡ್ಡ ವ್ಯತ್ಯಾಸ ವೇಗದ್ದು. ರೈಫಲಿನ ಗುಂಡು ಸೆಕೆಂಡಿಗೆ 800 ಮೀಟರ್ ಓಡುತ್ತದೆ ಎಂದುಕೊಳ್ಳಿ. 100 ಮೀಟರ್ ದೂರಕ್ಕೆ ಅದು ತಲುಪುವಷ್ಟರಲ್ಲಿ ಭೂಮಿಯ ಸೆಳೆತ ಅದನ್ನು 8 ಸೆಂಟಿಮೀಟರಿನಷ್ಟು ಕೆಳಗೆ ಎಳೆದಿರುತ್ತದೆ. ಅನಿಲದ ಒತ್ತಡದಿಂದ ಹಾರುವ ಸೂಜಿಯನ್ನು ಸೆಕೆಂಡಿಗೆ 60 ಮೀಟರ್ ಎಂದಿಟ್ಟುಕೊಳ್ಳೋಣ. 30 ಮೀಟರ್ ದಾಟಲು ಅದಕ್ಕೆ ಅರ್ಧ ಸೆಕೆಂಡು ಬೇಕು. ಆ ಅರ್ಧ ಸೆಕೆಂಡಿನಲ್ಲಿ ಅದು 120 ಸೆಂಟಿಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಒಂದು ಮಗುವಿನ ಎತ್ತರದಷ್ಟು. ಅದನ್ನು ಸರಿದೂಗಿಸಲು ಕೋವಿಯ ಮೂತಿ ಗುರಿಗಿಂತ ಅಷ್ಟು ಮೇಲಕ್ಕೆ ನೋಡುತ್ತಿರಬೇಕು, ದುರ್ಬೀನಿನ ಅಡ್ಡಗೆರೆ ಅದಕ್ಕೆ ತಕ್ಕಂತೆ ಇರಬೇಕು.

ಈಗ ಕೋವಿ ಎಡಕ್ಕೋ ಬಲಕ್ಕೋ 5 ಡಿಗ್ರಿ ವಾಲಿತೆನ್ನಿ. ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಸರಿಯುವ ಕೋನಕ್ಕಿಂತಲೂ ಕಡಿಮೆ ಅದು. ಮೇಲಕ್ಕೆಂದು ಕೊಟ್ಟ ಎತ್ತರದಲ್ಲಿ ಒಂದಂಶ ಪಕ್ಕಕ್ಕೆ ಸೋರಿಹೋಗುತ್ತದೆ. ರೈಫಲಿನಲ್ಲಿ ಹೀಗೆ ಸೋರುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ, ಯಾರಿಗೂ ಗೊತ್ತಾಗುವುದಿಲ್ಲ. ಡಾರ್ಟ್ ಕೋವಿಯಲ್ಲಿ ಅದು 10 ಸೆಂಟಿಮೀಟರ್. ಚಿರತೆಯ ತೊಡೆಯಲ್ಲಿ ಸೂಜಿ ನಾಟಬೇಕಾದ ಜಾಗವೇ ಅಂಗೈಯಗಲ. ಹತ್ತು ಸೆಂಟಿಮೀಟರ್ ತಪ್ಪಿದರೆ ಮಾಂಸಖಂಡ ಬಿಟ್ಟು ಹೊಟ್ಟೆಯೊಳಗೆ ಇಳಿಯಬಹುದು, ಇಲ್ಲವೆ ಮೂಳೆಗೆ ಬಡಿಯಬಹುದು. ಹತ್ತಿರದಿಂದ ಹೊಡೆಯುವ ಕೋವಿಗೆ ದುರ್ಬೀನು ಹೇಗೆ ಕೂತರೇನು ಎಂಬ ಮಾತು ಕೇಳಿಬರುವುದುಂಟು. ಲೆಕ್ಕ ಅದಕ್ಕೆ ತೀರಾ ವಿರುದ್ಧವಾದುದನ್ನು ಹೇಳುತ್ತದೆ: ನಿಧಾನದ ಕೋವಿಗೇ ಮಟ್ಟ ಹೆಚ್ಚು ಬೇಕು.

ಕೋವಿ ವಾಲುವುದು ಹಿಡಿದವರ ತಪ್ಪಿನಿಂದ ಮಾತ್ರ ಅಲ್ಲ. ದುರ್ಬೀನಿನೊಳಗಿನ ಶಿಲುಬೆಗೆರೆ ಕೋವಿಗೆ ಓರೆಯಾಗಿ ಕೂತಿದ್ದರೆ, ಆ ಗೆರೆಯನ್ನು ನೆಟ್ಟಗೆ ಕಾಣಬೇಕೆಂದು ವೈದ್ಯರು ತಮಗರಿವಿಲ್ಲದೆ ಕೋವಿಯನ್ನೇ ವಾಲಿಸುತ್ತಾರೆ. 20 ಮೀಟರಿನಲ್ಲಿ ಗುರಿ ಹೊಂದಿಸಿಕೊಂಡಿದ್ದರೆ ಅಲ್ಲಿ ದೋಷ ಕಾಣದು. ದೂರ ಬದಲಾದಾಗ ಕಾಣುತ್ತದೆ, ಅದೂ ಜೀವಂತ ಪ್ರಾಣಿಯ ಮೇಲೆ.

ಹಾಗಾದರೆ ಆ ಮೇಜಿನ ಮೇಲೆ ಏನೇನಿರಬೇಕು?

ಮೊದಲು ಸ್ಕ್ರೂಗಳ ತಲೆಗೆ ಸರಿಯಾಗಿ ಕೂರುವ ಬಿಟ್‌ಗಳು. ದುರ್ಬೀನಿನ ಕೊಳವೆಯನ್ನು ಹಿಡಿಯುವ ಉಂಗುರಗಳಿಗೆ ಹೆಚ್ಚಾಗಿ ಆರು ಮೂಲೆಯ ನಕ್ಷತ್ರದ ತಲೆಯ ಸಣ್ಣ ಸ್ಕ್ರೂಗಳಿರುತ್ತವೆ, ಕೆಲವಕ್ಕೆ ಅಲೆನ್ ಕೀ ತೂತು. ಅಂಗಡಿಯಲ್ಲಿ ಸಿಗುವ ಹತ್ತು ಬಗೆಯ ಸೆಟ್ಟಿನಲ್ಲಿ ಹೆಚ್ಚುಕಡಿಮೆ ಸರಿಹೋಗುವ ಒಂದು ಬಿಟ್ ಇದ್ದೇ ಇರುತ್ತದೆ. ಆ 'ಹೆಚ್ಚುಕಡಿಮೆ'ಯೇ ಸ್ಕ್ರೂವಿನ ತಲೆಯನ್ನು ತಿಂದುಹಾಕುವುದು. ಒಮ್ಮೆ ತಲೆ ಸವೆದರೆ ಬಿಗಿಯಲೂ ಆಗದು, ಬಿಚ್ಚಲೂ ಆಗದು. ಉಂಗುರಗಳ ಅಳತೆಯೂ ಹಾಗೆಯೇ. ಕೊಳವೆಗಳು 25.4 ಮಿಲಿಮೀಟರ್, 30 ಮಿಲಿಮೀಟರ್, 34 ಮಿಲಿಮೀಟರ್ ಎಂದು ಬರುತ್ತವೆ. ಒಂದರ ಉಂಗುರಕ್ಕೆ ಇನ್ನೊಂದರ ಕೊಳವೆಯನ್ನು ಸುತ್ತು ಟೇಪು ಹಾಕಿ ಕೂರಿಸುವ ಜಾಣತನ ಇಲ್ಲಿ ಬೇಡ.

ಎರಡನೆಯದು ಬಿಗಿ ಅಳೆಯುವ ಸ್ಕ್ರೂಡ್ರೈವರ್. ಈ ಸಲಕರಣೆಗೆ ತುಸು ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಉಂಗುರದ ಮೇಲುಮುಚ್ಚಳದ ಸ್ಕ್ರೂಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಬಿಗಿ 1.7ರಿಂದ 2 ನ್ಯೂಟನ್ ಮೀಟರ್. ಅದೆಷ್ಟೆಂದು ಕೈಗೆ ಗೊತ್ತಾಗಬೇಕಾದರೆ ಹತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಎರಡು ಕಿಲೋ ಸಕ್ಕರೆಯ ಪೊಟ್ಟಣ ತೂಗಿಬಿಟ್ಟ ಹಾಗೆ ಅಂದುಕೊಳ್ಳಿ. ಅಷ್ಟೇ. ಆರು ಸೆಂಟಿಮೀಟರಿನ ಪುಟ್ಟ ಅಲೆನ್ ಕೀಯನ್ನು ಹತ್ತು ಕಿಲೋ ತೂಕದ ಬಲದಿಂದ ತಿರುವಿದರೂ ಬಿಗಿ ಅದರ ಮೂರು ಪಟ್ಟಾಗುತ್ತದೆ. ಟ್ರ್ಯಾಕ್ಟರಿನ ನಟ್ಟು, ಪಂಪ್‌ಸೆಟ್ಟಿನ ಬೋಲ್ಟು ಬಿಗಿದು ಅಭ್ಯಾಸವಾದ ಕೈಗೆ ಹತ್ತು ಕಿಲೋ ಲೆಕ್ಕಕ್ಕೇ ಬರುವುದಿಲ್ಲ. 'ಗಟ್ಟಿಯಾಗಿರಲಿ' ಎಂಬ ಒಳ್ಳೆಯ ಮನಸ್ಸಿನಿಂದಲೇ ಆ ಕೈ ಅಲ್ಯೂಮಿನಿಯಮಿನ ತೆಳು ಕೊಳವೆಯನ್ನು ಅಮುಕಿಬಿಡುತ್ತದೆ. ಹೊರಗೆ ಒಂದು ಬಳೆಯ ಗುರುತು ಬೀಳುತ್ತದೆ. ಒಳಗೆ ಗುರಿ ಹೊಂದಿಸುವ ಸಣ್ಣ ಕೊಳವೆ ಸಿಕ್ಕಿಕೊಂಡು, ಗುಂಡಿ ತಿರುವಿದರೂ ಗೆರೆ ಸರಿಯದೆ, ಒಮ್ಮೆಗೇ ನೆಗೆದು ಸರಿಯುತ್ತದೆ.

ಬಿಗಿ ಕಡಿಮೆಯಾದರೂ ಕೇಡೇ. ಹಳ್ಳಿಯ ಕಲ್ಲುರಸ್ತೆಯಲ್ಲಿ ಜೀಪು ಕುಲುಕುವಾಗ ದುರ್ಬೀನು ಕೂದಲೆಳೆಯಷ್ಟು ಜಾರುತ್ತದೆ. ಆದ್ದರಿಂದ ಹೇಳಿದ ಬಿಗಿ ಬಂದೊಡನೆ 'ಟಕ್' ಎಂದು ಜಾರಿ ನಿಲ್ಲುವ, 1ರಿಂದ 6 ನ್ಯೂಟನ್ ಮೀಟರಿನವರೆಗೆ ಅಳೆಯುವ ಸ್ಕ್ರೂಡ್ರೈವರ್ ಬೇಕು. ಬಿಗಿಯುವುದೂ ಒಂದೇ ಏಟಿಗಲ್ಲ: ಎದುರುಬದುರು ಸ್ಕ್ರೂಗಳನ್ನು ಕಾಲು ಸುತ್ತು, ಕಾಲು ಸುತ್ತು, ಮುಚ್ಚಳದ ಎರಡೂ ಬದಿಯ ಸಂದು ಸಮವಾಗಿ ಉಳಿಯುವಂತೆ. ಎಳೆಗಳಲ್ಲಿ ಎಣ್ಣೆಯಿದ್ದರೆ ಅದೇ ಅಳತೆಗೆ ಹಿಡಿತ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ, ಹಾಗಾಗಿ ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಬೇಕು.

ಪಾವಗಡದವರಿಗೆ ಈ 'ಟಕ್' ಸದ್ದು ಅಪರಿಚಿತವಲ್ಲ. ತಿರುಮಣಿಯ ಸುತ್ತಲ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟಿನ ಸೌರ ಉದ್ಯಾನದಲ್ಲಿ ಲಕ್ಷಗಟ್ಟಲೆ ಫಲಕಗಳು ಗಾಳಿಗೆ ಹಾರದೆ ನಿಂತಿರುವುದು ಬೋಲ್ಟುಗಳ ಬಿಗಿಯಿಂದ. ಸೌರ ಫಲಕದ ಕೆಲಸದಲ್ಲಿ ಬಿಗಿ ಅಳೆಯುವ ಟಾರ್ಕ್ ಪಾನದಿಂದ ಬಿಗಿದ ಮೇಲೆ ಬೋಲ್ಟಿನ ತಲೆಗೂ ಚೌಕಟ್ಟಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಬೋಲ್ಟು ಸಡಿಲಾದರೆ ಗೆರೆ ತುಂಡಾಗಿ ಕಾಣುತ್ತದೆ. ಡಾರ್ಟ್ ಕೋವಿಗೆ ಬೇಕಾದ ಅತ್ಯಂತ ಅಗ್ಗದ ಸಲಕರಣೆ ಈ ಬಣ್ಣದ ಪೆನ್ನು. ಸ್ಕ್ರೂವಿನ ತಲೆಯಿಂದ ಉಂಗುರಕ್ಕೆ ಒಂದು ಗೆರೆ, ಉಂಗುರದಿಂದ ಕೊಳವೆಗೆ ಇನ್ನೊಂದು. ಜೀಪಿನಿಂದ ಇಳಿದೊಡನೆ ಒಂದು ನೋಟ ಸಾಕು.

ಆದರೆ ಸೌರ ಉದ್ಯಾನದ ಆ ಪಾನವನ್ನೇ ತಂದು ಕೋವಿಗೆ ಹಾಕಬಾರದು. ಫಲಕದ ಬೋಲ್ಟುಗಳ ಬಿಗಿ ಸಾಮಾನ್ಯವಾಗಿ ಹತ್ತು ನ್ಯೂಟನ್ ಮೀಟರಿಗಿಂತ ಮೇಲಿನದು. ದೊಡ್ಡ ಅಳತೆಯ ಪಾನ ತನ್ನ ವ್ಯಾಪ್ತಿಯ ತೀರಾ ಕೆಳತುದಿಯಲ್ಲಿ ನಂಬಿಕೆಗೆ ಅರ್ಹವಲ್ಲ. ಮೂಟೆ ತೂಗುವ ಕಾಟಾದಲ್ಲಿ ಚಿನ್ನ ತೂಗಿದ ಹಾಗಾಗುತ್ತದೆ. ಸಲಕರಣೆ ಆರಿಸುವಾಗ ಅದು ಒಳ್ಳೆಯದೇ ಎಂದು ಕೇಳಿದರೆ ಸಾಲದು, ಈ ಕೆಲಸದ ಅಳತೆ ಅದರ ವ್ಯಾಪ್ತಿಯ ನಡುವೆ ಬರುತ್ತದೆಯೇ ಎಂದು ಕೇಳಬೇಕು. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕಡಿಮೆ ಅಂಕಕ್ಕೆ ಇಳಿಸಿಡಬೇಕು, ವರ್ಷಕ್ಕೊಮ್ಮೆ ಅಳತೆ ಪರೀಕ್ಷೆ ಮಾಡಿಸಬೇಕು.

ಮೂರನೆಯದು ಮಟ್ಟ ನೋಡುವ ಸಾಮಾನು. ಗಾರೆ ಕೆಲಸದವರ ಬಳಿ ಇರುವ ರಸಮಟ್ಟ ಮತ್ತು ತೂಗುಗುಂಡು, ಇವೆರಡರ ತತ್ವವೇ ಇಲ್ಲಿಯೂ. ಬೆರಳುದ್ದದ ಸಣ್ಣ ರಸಮಟ್ಟವನ್ನು ಕೋವಿಯ ಬೆನ್ನಿನ ಸಪಾಟು ಭಾಗದ ಮೇಲಿಟ್ಟು, ಕೋವಿಯನ್ನು ಮರಳುಚೀಲಗಳ ನಡುವೆ ಅಲುಗದಂತೆ ಕೂರಿಸಬೇಕು. ಇಪ್ಪತ್ತು ಮೀಟರ್ ದೂರದ ಕೊಂಬೆಗೆ ದಾರ ಕಟ್ಟಿ ಗುಂಡು ಇಳಿಬಿಡಬೇಕು. ಗಾಳಿಗೆ ದಾರ ತೂಗಾಡದಂತೆ ಗುಂಡನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಬೇಕು. ಆಮೇಲೆ ದುರ್ಬೀನಿನ ಉದ್ದಗೆರೆ ಆ ದಾರಕ್ಕೆ ಸರಿಯಾಗಿ ಕೂಡುವವರೆಗೆ ಕೊಳವೆಯನ್ನು ಮೆಲ್ಲನೆ ತಿರುಗಿಸಿ, ಬಿಗಿಯಬೇಕು. ಬಿಗಿಯುವಾಗ ಕೊಳವೆ ಸ್ಕ್ರೂವಿನ ಜೊತೆ ಒಂದಿಷ್ಟು ತಿರುಗುವುದುಂಟು. ಅದಕ್ಕೇ ಕೊನೆಯಲ್ಲಿ ಮತ್ತೊಮ್ಮೆ ದಾರ ನೋಡಬೇಕು.

ದಾರ, ಗುಂಡು, ದುರ್ಬೀನು ಎಂದಾಗ ಪಾವಗಡದ ಒಂದು ಹಳೆಯ ನೆನಪನ್ನು ಬಿಟ್ಟು ಹೋಗಲಾಗದು. ಟಿಪ್ಪು ಬಿದ್ದ ಮರುವರ್ಷವೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಒಂದು ಗೆರೆ ಅಳೆದರು. ಮುಂದೆ ಇಡೀ ಭಾರತವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೇಗೆ ದಾರಿಯಾದದ್ದು ಆ ಕೆಲಸ. ಅವರ ಉತ್ತರ-ದಕ್ಷಿಣ ರೇಖೆಯ ಒಂದು ಮುಖ್ಯ ಠಾಣೆ ಪಾವಗಡ. ಅವರ ಬರಹಗಳಲ್ಲಿ ಅದು 'ಪಾಗುರ್'. 1804ರಲ್ಲಿ ಆರಂಭಿಸಿದ ರೇಖೆಯ ಉತ್ತರದ ತುದಿಯೆಂದು ಅವರು ಕೊಟ್ಟ ಅಕ್ಷಾಂಶ 14 ಡಿಗ್ರಿ 6 ನಿಮಿಷ 19 ಸೆಕೆಂಡ್, ಅಂದರೆ ಪಾವಗಡದ ಅಕ್ಷಾಂಶ.

ಅಕ್ಷಾಂಶ ಕಂಡುಹಿಡಿಯಲು ಅವರ ಬಳಿ ಇದ್ದದ್ದು ಲಂಡನ್ನಿನ ರ‍್ಯಾಮ್ಸ್‌ಡೆನ್ ಮಾಡಿದ ಐದು ಅಡಿಯ ಉಪಕರಣ. ನೆತ್ತಿಯ ಮೇಲೆ ಹಾಯುವ ನಕ್ಷತ್ರವನ್ನು ನೋಡುವ, ತೂಗುಗುಂಡಿನಿಂದ ನೆಟ್ಟಗೆ ನಿಲ್ಲಿಸುವ ದುರ್ಬೀನು ಅದು. ಅಕ್ಷಾಂಶದಲ್ಲಿ ಒಂದು ಸೆಕೆಂಡು ತಪ್ಪಿದರೆ ನೆಲದ ಮೇಲೆ 30 ಮೀಟರ್ ತಪ್ಪುತ್ತದೆ. ಅಂಥ ಉಪಕರಣದವರು ತಮ್ಮ ದುರ್ಬೀನು ಸರಿಯಾಗಿದೆ ಎಂದು ನಂಬಿ ಕೂರುತ್ತಿರಲಿಲ್ಲ. ಒಮ್ಮೆ ಮುಖ ಪೂರ್ವಕ್ಕೆ, ಇನ್ನೊಮ್ಮೆ ಪಶ್ಚಿಮಕ್ಕೆ ತಿರುಗಿಸಿ ಅದೇ ನಕ್ಷತ್ರವನ್ನು ನೋಡುತ್ತಿದ್ದರು. ಎರಡರ ನಡುವಿನ ವ್ಯತ್ಯಾಸ ಉಪಕರಣದ ದೋಷವನ್ನು ಬಯಲು ಮಾಡುತ್ತಿತ್ತು.

ಕೋವಿಯ ದುರ್ಬೀನಿಗೂ ಅದೇ ಪರೀಕ್ಷೆ ಮಾಡಬಹುದು, ಅದಕ್ಕೆ ಒಂದು ರಟ್ಟಿನ ಪೆಟ್ಟಿಗೆ ಸಾಕು. ಪೆಟ್ಟಿಗೆಯ ಎರಡು ಬದಿಗಳಲ್ಲಿ ಕತ್ತರಿಯಿಂದ ಸಮನಾದ ಕಣಿವೆಯಾಕಾರದ ಕಚ್ಚು ಮಾಡಿ, ದುರ್ಬೀನನ್ನು ಅದರಲ್ಲಿ ಮಲಗಿಸಿ, ದೂರದ ಒಂದು ಚುಕ್ಕೆಯ ಮೇಲೆ ಗೆರೆಗಳನ್ನು ಕೂಡಿಸಬೇಕು. ಆಮೇಲೆ ಕೊಳವೆಯನ್ನು ಅರ್ಧ ಸುತ್ತು ತಿರುಗಿಸಿ ನೋಡಬೇಕು. ಗೆರೆಗಳು ಚುಕ್ಕೆಯನ್ನು ಬಿಟ್ಟು ಅಲೆದರೆ, ಅಲೆದ ದೂರದ ಅರ್ಧವನ್ನು ಗುಂಡಿ ತಿರುವಿ ಸರಿಪಡಿಸಬೇಕು. ಎರಡು ಮೂರು ಸಲದಲ್ಲಿ ಅಲೆದಾಟ ನಿಲ್ಲುತ್ತದೆ. ಕೋವಿಗೆ ಕೂರಿಸುವ ಮೊದಲೇ ಇದು ಮುಗಿದಿರಬೇಕು.

ಲ್ಯಾಂಬ್ಟನ್ ಅವರ ಇನ್ನೊಂದು ಉಪಕರಣ, ಅರ್ಧ ಟನ್ ತೂಕದ ಥಿಯೋಡೊಲೈಟ್, 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿಯಿತು. ಅದರ 36 ಅಂಗುಲದ ಹಿತ್ತಾಳೆಯ ವೃತ್ತ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಸುತ್ತಿಗೆ ಎತ್ತುತ್ತಿದ್ದರೇನೋ. ಅವರು ಗುಡಾರ ಸೇರಿ, ಹಲಗೆಯ ಮೇಲೆ ಸರಿ ಅಳತೆಯ ವೃತ್ತ ಕೊರೆದು, ಬೆಣೆ, ತಿರುಪು, ರಾಟೆಗಳಿಂದ ಆ ಹಿತ್ತಾಳೆಯನ್ನು ದಿನಕ್ಕಿಷ್ಟಿಷ್ಟು ಎಳೆದು ಆರು ವಾರಗಳಲ್ಲಿ ಮೊದಲಿನ ರೂಪಕ್ಕೆ ತಂದರು. ಆ ಕೆಲಸಕ್ಕೆ ಅವರು ಆರಿಸಿಕೊಂಡ ಮೂರೂ ಸಲಕರಣೆಗಳು ಬಲವನ್ನು ಸ್ವಲ್ಪಸ್ವಲ್ಪವಾಗಿ, ಅಳತೆಯಲ್ಲಿ ಕೊಡುವಂಥವು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಈ ತಾಲ್ಲೂಕುಗಳಲ್ಲಿವೆ. ಹಂದಿಯ ಕಾಟ ತಡೆಯಲಾರದ ರೈತರ ಸಂಕಟವೂ ನಿಜ. ಆದರೂ ಇಲ್ಲಿ ಹೇಳಿದ ಯಾವುದನ್ನೂ ಬೇಟೆಗೆ ಬಳಸುವಂತಿಲ್ಲ, ಬೇಟೆ ಅಪರಾಧ. ಕಾನೂನು ಒಪ್ಪಿದ ಕೈಗಳಿಗೆ ಮಾತ್ರ ಈ ಕೆಲಸ.

ಕೂರಿಸಿದ ಮೇಲೆ ಹೊಡೆದು ನೋಡದ ಕೋವಿಯನ್ನು ಕೂರಿಸಿದ ಲೆಕ್ಕಕ್ಕೆ ಹಿಡಿಯಬಾರದು. ಹುಲ್ಲು ತುಂಬಿದ ಗೋಣಿಚೀಲಕ್ಕೆ, ಮದ್ದಿನ ಬದಲು ಅಷ್ಟೇ ತೂಕದ ನೀರು ತುಂಬಿದ ಸೂಜಿಯನ್ನು ಹತ್ತು, ಇಪ್ಪತ್ತು, ಮೂವತ್ತು ಮೀಟರುಗಳಿಂದ ಹಾರಿಸಿ, ಯಾವ ದೂರಕ್ಕೆ ಎಷ್ಟು ಒತ್ತಡ, ಎಲ್ಲಿ ನಾಟಿತು ಎಂದು ಬರೆದು ಆ ಚೀಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಬೇಕು. ಖಾಲಿ ಸೂಜಿಯಿಂದ ಪರೀಕ್ಷೆ ಮಾಡಿದರೆ ಲೆಕ್ಕ ತಪ್ಪುತ್ತದೆ, ಹಗುರವಾದದ್ದು ಬೇರೆ ದಾರಿಯಲ್ಲಿ ಹಾರುತ್ತದೆ.

ಸರಿಯಾದ ಬಿಟ್‌ಗಳು, ಸಣ್ಣ ಅಳತೆಯ ಟಾರ್ಕ್ ಸ್ಕ್ರೂಡ್ರೈವರ್, ರಸಮಟ್ಟ, ದಾರ ಮತ್ತು ಗುಂಡು, ಬಣ್ಣದ ಪೆನ್ನು. ಇವೆಲ್ಲ ಒಂದು ಊಟದ ಡಬ್ಬಿಯಲ್ಲಿ ಹಿಡಿಯುತ್ತವೆ. ಕೋವಿಯ ಪೆಟ್ಟಿಗೆಯ ಜೊತೆ ಈ ಡಬ್ಬಿಯೂ ಜೀಪಿನಲ್ಲಿರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಊರಿನವರಿಗೂ ಒಂದು ವಿನಂತಿಯಿದೆ. ಚಿರತೆಯೋ ಕರಡಿಯೋ ಮನೆ, ಕೊಟ್ಟಿಗೆ ಹೊಕ್ಕಿದ್ದು ಕಂಡರೆ ಹೊರಗಿನಿಂದ ಬಾಗಿಲು ಹಾಕಿ, ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಿ. ತಂಡ ಬಂದ ಮೇಲೆ ಮಾಡು ಹತ್ತಬೇಡಿ, ಕೂಗಬೇಡಿ, ಕಲ್ಲೆಸೆಯಬೇಡಿ. ಕೋವಿ ಹಿಡಿದವರಿಗೆ ಆ ಅರ್ಧ ಸೆಕೆಂಡು ಪ್ರಾಣಿ ಅಲುಗದೆ ನಿಂತಿರಬೇಕು.